ಅರವತ್ತೊಂದು ನಿಮಿಷದ ಪತ್ತೇದಾರ

1945ರ ಡಿಸೆಂಬರ್‌ನಲ್ಲಿ ಹಾಲಿವುಡ್‌ನ ಆರ್‌ಕೆಓ ಸ್ಟುಡಿಯೋ 'ಡಿಕ್ ಟ್ರೇಸಿ' ಎಂಬ ಕಪ್ಪು-ಬಿಳುಪು ಚಿತ್ರವೊಂದನ್ನು ಬಿಡುಗಡೆ ಮಾಡಿತು. ಉದ್ದ 61 ನಿಮಿಷ. ಮುಂದಿನ ಎರಡು ವರ್ಷಗಳಲ್ಲಿ ಅದೇ ಪತ್ತೇದಾರನ ಇನ್ನೂ ಮೂರು ಚಿತ್ರಗಳು ಬಂದವು: 62 ನಿಮಿಷ, 60 ನಿಮಿಷ, 65 ನಿಮಿಷ. ನಾಲ್ಕನ್ನೂ ಒಟ್ಟು ಹಾಕಿದರೆ ನಾಲ್ಕು ಗಂಟೆ ಎಂಟು ನಿಮಿಷ. ನಮ್ಮ ಕಡೆಯ ಒಂದೂವರೆ ಸಿನಿಮಾದಷ್ಟು. ಪತ್ರಿಕೆಯ ಮೂಲೆಯಲ್ಲಿ ದಿನಕ್ಕೊಂದು ಪಟ್ಟಿಯಂತೆ ಅಚ್ಚಾಗುತ್ತಿದ್ದ ಕಾಮಿಕ್ಸ್‌ನಿಂದ ಹುಟ್ಟಿದ ಇವನ್ನು ಸಿನಿಮಾ ಇತಿಹಾಸದ ದೊಡ್ಡ ಪುಸ್ತಕಗಳು ಒಂದೆರಡು ಸಾಲಿನಲ್ಲಿ ದಾಟಿ ಹೋಗುತ್ತವೆ. ಇಂದು ಅಂತರ್ಜಾಲದಲ್ಲಿ ಹುಡುಕಿದರೆ ಸುಲಭವಾಗಿ ನೋಡಲು ಸಿಗುತ್ತವೆ.

ನಾನು ಇವನ್ನು ಪುಣೆಯಲ್ಲಿ ನಾಲ್ಕು ಶನಿವಾರ ರಾತ್ರಿಗಳಲ್ಲಿ ನೋಡಿದೆ. ಕಾರಣ ಕುತೂಹಲ. ಕಾಮಿಕ್ಸ್ ಆಧಾರಿತ ಚಿತ್ರವೆಂದರೆ ಈಗ ನೂರಾರು ಕೋಟಿಯ ವ್ಯವಹಾರ. ಅದೇ ಕೆಲಸವನ್ನು ಚಿಲ್ಲರೆ ಕಾಸಿನಲ್ಲಿ, ಇನ್ನೊಂದು ದೊಡ್ಡ ಚಿತ್ರದ ಬಾಲವಾಗಿ ಮಾಡಿದವರು ಹೇಗೆ ಮಾಡಿದರು? ನೋಡುತ್ತಾ ಹೋದಂತೆ ಇನ್ನೊಂದು ಪ್ರಶ್ನೆ ಕಾಡತೊಡಗಿತು. ಈ ಚಿತ್ರ ಚೆನ್ನಾಗಿದ್ದರೂ ಅಷ್ಟೇ ಹಣ, ಕೆಟ್ಟದಾಗಿದ್ದರೂ ಅಷ್ಟೇ ಹಣ ಎಂದು ಗೊತ್ತಿದ್ದೂ ಯಾರಾದರೂ ಯಾಕೆ ಚೆನ್ನಾಗಿ ಮಾಡಬೇಕು? ಐಟಿ ಉದ್ಯೋಗದಲ್ಲಿರುವ ನಮ್ಮಂಥವರಿಗೆ ಇದು ಬರೀ ಸಿನಿಮಾದ ಪ್ರಶ್ನೆಯಲ್ಲ.

ಮಸಿಯಲ್ಲಿ ಹುಟ್ಟಿದ ಪೊಲೀಸ್

ಡಿಕ್ ಟ್ರೇಸಿಯನ್ನು ಬರೆದವನು ಚೆಸ್ಟರ್ ಗೌಲ್ಡ್. 1900ರಲ್ಲಿ ಓಕ್ಲಹೋಮಾದಲ್ಲಿ ಹುಟ್ಟಿ, ಚಿತ್ರಕಾರನಾಗಬೇಕೆಂದು 1921ರಲ್ಲಿ ಷಿಕಾಗೋಗೆ ಬಂದವನು. ಅವನೂ ಒಂದು ಬಗೆಯಲ್ಲಿ ನಮ್ಮ ಹಾಗೆ ಊರು ಬಿಟ್ಟವನೇ. ಹತ್ತು ವರ್ಷ ಕಾಲ ಒಂದರ ಹಿಂದೆ ಒಂದು ಕಾಮಿಕ್ ಸ್ಟ್ರಿಪ್‌ನ ಕಲ್ಪನೆಯನ್ನು ಪತ್ರಿಕಾ ಒಡೆಯ ಜೋಸೆಫ್ ಪ್ಯಾಟರ್‌ಸನ್‌ಗೆ ಕಳಿಸುತ್ತಲೇ ಇದ್ದ. ಕೊನೆಗೆ ಒಪ್ಪಿಗೆಯಾದದ್ದು 'ಪ್ಲೇನ್‌ಕ್ಲೋತ್ಸ್ ಟ್ರೇಸಿ', ಅಂದರೆ ಮಫ್ತಿಯ ಟ್ರೇಸಿ. ಹೆಸರು ಉದ್ದವಾಯಿತೆಂದು ಪ್ಯಾಟರ್‌ಸನ್ ಅದನ್ನು 'ಡಿಕ್ ಟ್ರೇಸಿ' ಮಾಡಿದ. 'ಡಿಕ್' ಎಂದರೆ ಅಂದಿನ ಅಮೆರಿಕದ ಬೀದಿಮಾತಿನಲ್ಲಿ ಪತ್ತೇದಾರ. 1931ರ ಅಕ್ಟೋಬರ್ 4ರಂದು ಡೆಟ್ರಾಯಿಟ್‌ನ ಪತ್ರಿಕೆಯಲ್ಲಿ ಮೊದಲ ಪಟ್ಟಿ ಅಚ್ಚಾಯಿತು.

ಆ ತಿಂಗಳಿಗೆ ಅರ್ಥವಿದೆ. ಅದೇ ಅಕ್ಟೋಬರ್‌ನಲ್ಲಿ ಷಿಕಾಗೋದ ನ್ಯಾಯಾಲಯ ಆಲ್ ಕಪೋನ್‌ನನ್ನು ತೆರಿಗೆ ವಂಚನೆಗಾಗಿ ಅಪರಾಧಿಯೆಂದು ಘೋಷಿಸಿತು. ಪಾನನಿಷೇಧದ ಕಾಲ. ಕಳ್ಳಭಟ್ಟಿಯ ದೊರೆಗಳು ಹಾಡಹಗಲೇ ಗುಂಡು ಹಾರಿಸುತ್ತಿದ್ದರು, ಪೊಲೀಸರು ಅವರ ಜೇಬಿನಲ್ಲಿದ್ದರು. ಗೌಲ್ಡ್‌ನ ಕಥೆಯಲ್ಲಿ ದರೋಡೆಕೋರರು ಟ್ರೇಸಿಯ ಪ್ರೇಯಸಿ ಟೆಸ್ ಟ್ರೂಹಾರ್ಟ್‌ಳ ತಂದೆಯನ್ನು ಕೊಂದು ಅವಳನ್ನು ಹೊತ್ತೊಯ್ಯುತ್ತಾರೆ. ಟ್ರೇಸಿ ಪೊಲೀಸ್ ಸೇರುವುದು ಆ ಸೇಡಿನಿಂದ. ಅವನ ಮೊದಲ ದೊಡ್ಡ ಎದುರಾಳಿ 'ಬಿಗ್ ಬಾಯ್' ಯಾರ ನೆರಳು ಎಂದು ಯಾವ ಓದುಗನಿಗೂ ಹೇಳಬೇಕಿರಲಿಲ್ಲ.

ಗೌಲ್ಡ್‌ನ ಗೆರೆ ನಯವಾದದ್ದಲ್ಲ. ಮೊಂಡು ಮೊಂಡಾದ ದಪ್ಪ ಗೆರೆ, ನಡುವೆ ಬೂದು ಛಾಯೆಯೇ ಇಲ್ಲದ ಹಸಿ ಕಪ್ಪು. ಟ್ರೇಸಿಯ ಮುಖವೋ ಕತ್ತಿಯಿಂದ ಕೆತ್ತಿದಂತಿರುವ ಮೂಗು ಮತ್ತು ಗಲ್ಲ. ಖಳರಂತೂ ವಿಕಾರದ ಮೆರವಣಿಗೆ. ತಲೆಯ ನೆತ್ತಿ ಮಣೆಯಂತೆ ಚಪ್ಪಟೆಯಾದ ಫ್ಲಾಟ್‌ಟಾಪ್, ಒಣಗಿದ ಹಣ್ಣಿನಂತೆ ಸುಕ್ಕುಗಟ್ಟಿದ ಪ್ರೂನ್‌ಫೇಸ್, ಹಣೆಯ ತುಂಬ ಮಡಿಕೆಗಳ ಬ್ರೌ. ಪಾಪ ಮುಖದಲ್ಲಿ ಕಾಣಬೇಕು ಎಂಬುದು ಅವನ ನಂಬಿಕೆ. ಇನ್ನೊಂದು ಕಡೆ ಅವನಿಗೆ ಯಂತ್ರಗಳ ಹುಚ್ಚು. 1946ರ ಜನವರಿಯಲ್ಲಿ ಟ್ರೇಸಿಯ ಮಣಿಕಟ್ಟಿಗೆ ಮಾತಾಡುವ ರೇಡಿಯೋ ಕಟ್ಟಿದ. ಇಂದು ನಾವು ಕೈಗಡಿಯಾರದಲ್ಲಿ ಕರೆ ಸ್ವೀಕರಿಸುವಾಗ ನೆನೆಯಬೇಕಾದ ಅಜ್ಜ ಅವನೇ.

ಕಾಗದದ ಮೇಲೆ ಒಂದು ಅನುಕೂಲವಿದೆ. ಚಪ್ಪಟೆ ತಲೆ ಬರೆಯಲೂ ಸಾಮಾನ್ಯ ತಲೆ ಬರೆಯಲೂ ಒಂದೇ ಮಸಿ ಸಾಕು. ಹಡಗು ಮುಳುಗಿಸಲು, ಸೇತುವೆ ಉರುಳಿಸಲು ಪೈಸೆ ಹೆಚ್ಚು ಬೀಳದು. ಸಿನಿಮಾದಲ್ಲಿ ಪ್ರತಿಯೊಂದಕ್ಕೂ ಬಿಲ್ಲು ಬರುತ್ತದೆ. ಕಾಮಿಕ್ಸ್‌ನಿಂದ ಚಿತ್ರ ಮಾಡಹೊರಟ ಬಡ ನಿರ್ಮಾಪಕನ ಮುಖ್ಯ ಸಮಸ್ಯೆ ಇದು.

ಹದಿನೈದು ವಾರದ ಕಂತು

ಟ್ರೇಸಿಯನ್ನು ಮೊದಲು ತೆರೆಗೆ ತಂದದ್ದು ರಿಪಬ್ಲಿಕ್ ಪಿಕ್ಚರ್ಸ್. 1935ರಲ್ಲಿ ಹರ್ಬರ್ಟ್ ಯೇಟ್ಸ್ ಎಂಬ ಫಿಲ್ಮ್ ಲ್ಯಾಬ್ ಒಡೆಯ ಹಲವು ಸಣ್ಣ ಕಂಪನಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಸಂಸ್ಥೆ ಅದು. ಹಾಲಿವುಡ್‌ನವರು ಇಂಥ ಸ್ಟುಡಿಯೋಗಳನ್ನೆಲ್ಲ ಸೇರಿಸಿ 'ಬಡವರ ಸಾಲು' ಎಂದು ಕರೆಯುತ್ತಿದ್ದರು. ರಿಪಬ್ಲಿಕ್‌ನ ಸರಕು ಸೀರಿಯಲ್. ಒಂದು ಕಂತು ಸುಮಾರು ಇಪ್ಪತ್ತು ನಿಮಿಷ, ವಾರಕ್ಕೊಂದು. ಶನಿವಾರ ಮಧ್ಯಾಹ್ನ ಮಕ್ಕಳು ಥಿಯೇಟರ್‌ಗೆ ನುಗ್ಗುವ ಹೊತ್ತಿಗೆ ತೋರಿಸುವುದು. ಕಂತಿನ ಕೊನೆಗೆ ನಾಯಕ ಪ್ರಪಾತಕ್ಕೆ ಬೀಳಲೇಬೇಕು, ಮುಂದಿನ ವಾರ ಬದುಕಲೇಬೇಕು. ಪತ್ರಿಕೆಯ ಕಾಮಿಕ್ಸ್ ನಡೆಯುವುದೂ ಇದೇ ಲೆಕ್ಕದಲ್ಲಿ. ಇಂದಿನ ಪಟ್ಟಿ ನಾಳೆಯ ಪತ್ರಿಕೆಯನ್ನು ಮಾರಬೇಕು. ಆದ್ದರಿಂದ ಎರಡೂ ಸುಲಭವಾಗಿ ಕೂಡಿಕೊಂಡವು.

1937, 1938, 1939, 1941: ನಾಲ್ಕು ಟ್ರೇಸಿ ಸೀರಿಯಲ್‌ಗಳು, ತಲಾ 15 ಕಂತು. ನಾಲ್ಕರಲ್ಲೂ ಟ್ರೇಸಿ ರಾಲ್ಫ್ ಬರ್ಡ್. ತಮಾಷೆಯೆಂದರೆ ಹೆಸರು ಬಿಟ್ಟರೆ ಕಾಮಿಕ್ಸ್‌ನದು ಹೆಚ್ಚೇನೂ ಉಳಿಯಲಿಲ್ಲ. ನಗರದ ಪೊಲೀಸ್ ಪತ್ತೇದಾರ ಇಲ್ಲಿ ಕೇಂದ್ರ ಸರ್ಕಾರದ ಎಫ್‌ಬಿಐ ಏಜೆಂಟ್ ಆದ. ಟೆಸ್ ಟ್ರೂಹಾರ್ಟ್ ಇಲ್ಲ, ಗೌಲ್ಡ್‌ನ ವಿಕಾರ ಮುಖಗಳೂ ಇಲ್ಲ. ಬದಲಿಗೆ ಮೊದಲ ಸೀರಿಯಲ್‌ನಲ್ಲಿ ಟ್ರೇಸಿಗೊಬ್ಬ ಸೋದರನಿದ್ದಾನೆ. ಖಳರು ಅವನಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿ ತಮ್ಮ ಕಡೆಯವನನ್ನಾಗಿ ಮಾಡಿಕೊಳ್ಳುತ್ತಾರೆ, ಅಲ್ಲಿಂದ ಮುಂದೆ ಆ ಪಾತ್ರವನ್ನು ಬೇರೊಬ್ಬ ನಟ ಮಾಡುತ್ತಾನೆ. ವಿಕಾರವನ್ನು ಮೇಕಪ್ಪಿನ ಬದಲು ಕಥೆಯಲ್ಲೇ ಮುಗಿಸಿದರು.

ಹಣ ಉಳಿಸುವುದರಲ್ಲಿ ರಿಪಬ್ಲಿಕ್‌ನವರು ನಿಪುಣರು. ಹೊವರ್ಡ್ ಮತ್ತು ಥಿಯೋಡರ್ ಲೈಡೆಕರ್ ಎಂಬ ಸೋದರರು ಅಲ್ಲಿನ ಕಿರುಮಾದರಿಗಳ ಕುಶಲಿಗಳು. ವಿಮಾನ, ಸೇತುವೆ, ಕಟ್ಟಡಗಳ ಮಾದರಿಗಳನ್ನು ಹೊರಗಿನ ನಿಜವಾದ ಬಿಸಿಲಿನಲ್ಲಿಟ್ಟು ಚಿತ್ರಿಸುತ್ತಿದ್ದರು. ಅದಕ್ಕೇ ಅವು ಇಂದಿಗೂ ಆಟಿಕೆಯಂತೆ ಕಾಣುವುದಿಲ್ಲ. ಇನ್ನೊಂದು ಉಪಾಯ ಹಳೆಯ ಫಿಲ್ಮಿನ ಮರುಬಳಕೆ. 1933ರಲ್ಲಿ 'ಡೆಲ್ಯೂಜ್' ಎಂಬ ಚಿತ್ರದಲ್ಲಿ ನ್ಯೂಯಾರ್ಕ್ ನಗರವನ್ನು ಸಮುದ್ರ ನುಂಗುವ ದೃಶ್ಯವಿತ್ತು. ರಿಪಬ್ಲಿಕ್ ಅದನ್ನು ಕೊಂಡುಕೊಂಡು 1941ರ ಟ್ರೇಸಿ ಸೀರಿಯಲ್‌ನಲ್ಲಿ ಬಳಸಿತು, 1949ರಲ್ಲಿ ಇನ್ನೊಂದು ಸೀರಿಯಲ್‌ಗೂ ಬಳಸಿತು. ನಾವು ಹಳೆಯ ಪ್ರಾಜೆಕ್ಟಿನ ಕೋಡ್ ತಂದು ಹೊಸದರಲ್ಲಿ ಕೂರಿಸುವ ಹಾಗೆ, ಒಂದೇ ಪ್ರಳಯ ಹಲವು ಕಥೆಗಳಿಗೆ ಒದಗಿತು.

ಈ ಸಾಲಿನಲ್ಲಿ ಟ್ರೇಸಿ ಒಬ್ಬನೇ ಇರಲಿಲ್ಲ. 1934ರಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಬರೆದು ಅಲೆಕ್ಸ್ ರೇಮಂಡ್ ಚಿತ್ರಿಸಿದ 'ಸೀಕ್ರೆಟ್ ಏಜೆಂಟ್ ಎಕ್ಸ್-9' ಶುರುವಾಗಿತ್ತು. ಅದನ್ನು ಯೂನಿವರ್ಸಲ್ ಸ್ಟುಡಿಯೋ 1937ರಲ್ಲೊಮ್ಮೆ, 1945ರಲ್ಲೊಮ್ಮೆ ಸೀರಿಯಲ್ ಮಾಡಿತು. ಈ ಏಜೆಂಟ್ ನಮಗೆ ಪರಿಚಿತನೇ. ಮುಂಬೈಯ ಟೈಮ್ಸ್ ಆಫ್ ಇಂಡಿಯಾ ಬಳಗ 1964ರಿಂದ ಹೊರತಂದ ಇಂದ್ರಜಾಲ್ ಕಾಮಿಕ್ಸ್‌ನಲ್ಲಿ ಫ್ಯಾಂಟಮ್, ಮ್ಯಾಂಡ್ರೇಕ್‌ರ ಜೊತೆ ಬರುತ್ತಿದ್ದ ಫಿಲ್ ಕಾರಿಗನ್ ಇವನೇ. ನನ್ನ ವಯಸ್ಸಿನವರಲ್ಲಿ ಹಳೆಯ ಪುಸ್ತಕದಂಗಡಿಯ ಕಟ್ಟುಗಳಲ್ಲಿ ಅವನನ್ನು ಕಂಡವರು ಇದ್ದೇ ಇರುತ್ತಾರೆ. ಅವನಿಗೆ ತೆರೆಯ ಮೇಲೂ ಒಂದು ಬಡ ಜನ್ಮವಿತ್ತೆಂಬುದು ಮಾತ್ರ ನಮಗೆ ಗೊತ್ತಾಗಲಿಲ್ಲ.

ನಿಗದಿತ ದರದ ಸಿನಿಮಾ

ಈಗ ಲೆಕ್ಕಕ್ಕೆ ಬರೋಣ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಥಿಯೇಟರ್‌ಗಳು ಜನರನ್ನು ಸೆಳೆಯಲು ಒಂದು ಟಿಕೆಟ್ಟಿಗೆ ಎರಡು ಚಿತ್ರ ತೋರಿಸತೊಡಗಿದವು. ಒಂದು ತಾರೆಗಳಿರುವ ದೊಡ್ಡ ಚಿತ್ರ. ಇನ್ನೊಂದು ಅದರ ಜೊತೆಗಾರ, 'ಬಿ' ಚಿತ್ರ. ದೊಡ್ಡ ಚಿತ್ರದ ಬಾಡಿಗೆ ಗಳಿಕೆಯಲ್ಲಿ ಶೇಕಡಾವಾರು, ಓಡಿದಷ್ಟೂ ಸ್ಟುಡಿಯೋಗೆ ಲಾಭ. 'ಬಿ' ಚಿತ್ರಕ್ಕೆ ನಿಗದಿತ ದರ. ಥಿಯೇಟರ್ ತುಂಬಿದರೂ ಅಷ್ಟೇ, ಖಾಲಿ ಹೊಡೆದರೂ ಅಷ್ಟೇ. ಬರುವ ಹಣ ಮೊದಲೇ ಗೊತ್ತು, ಹಾಗಾಗಿ ಲಾಭ ಬೇಕಿದ್ದರೆ ಖರ್ಚು ಇಳಿಸುವುದೊಂದೇ ದಾರಿ. ದೊಡ್ಡ ಸ್ಟುಡಿಯೋಗಳಿಗೆ ತಮ್ಮದೇ ಥಿಯೇಟರ್ ಸರಣಿಗಳಿದ್ದುದರಿಂದ ಈ ಚಿತ್ರಗಳಿಗೆ ಗಿರಾಕಿಯ ಚಿಂತೆಯೂ ಇರಲಿಲ್ಲ.

ನಮ್ಮ ಕ್ಷೇತ್ರದಲ್ಲಿ ಇದನ್ನು ಫಿಕ್ಸೆಡ್ ಬಿಡ್ ಎನ್ನುತ್ತೇವೆ. ಹದಿನೈದಿಪ್ಪತ್ತು ವರ್ಷಗಳಲ್ಲಿ ನಾನು ನಡೆಸಿದ ಪ್ರಾಜೆಕ್ಟುಗಳಲ್ಲಿ ಬಹುಪಾಲು ಇಂಥವೇ. ಹಣ, ದಿನ, ತಲೆಗಳ ಸಂಖ್ಯೆ ಮೂರೂ ಸಹಿಯಾದ ಮೇಲೆ ನಮ್ಮ ಕೈಗೆ ಬರುತ್ತವೆ. ಒಳ್ಳೆಯ ಕೋಡ್ ಬರೆದವನಿಗೂ ಹೇಗೋ ಓಡುವ ಕೋಡ್ ಬರೆದವನಿಗೂ ಗ್ರಾಹಕ ಕೊಡುವುದು ಒಂದೇ ಮೊತ್ತ. ತಂಡದ ಹೊಸ ಹುಡುಗಿಯೊಬ್ಬಳು ಒಮ್ಮೆ ಕೇಳಿದ್ದಳು: ಯಾರೂ ನೋಡದ ಈ ಭಾಗವನ್ನು ಇಷ್ಟು ನೀಟಾಗಿ ಯಾಕೆ ಬರೆಯಬೇಕು? 'ಕ್ವಾಲಿಟಿ' ಎಂಬ ಪದವಿರುವ ಯಾವ ಸ್ಲೈಡೂ ಆ ಪ್ರಶ್ನೆಗೆ ಉತ್ತರವಲ್ಲ. ಆರ್‌ಕೆಓದ 'ಬಿ' ವಿಭಾಗದ ಪ್ರತಿಯೊಬ್ಬ ಛಾಯಾಗ್ರಾಹಕನ ಮುಂದೆಯೂ ಇದ್ದದ್ದು ಅದೇ ಪ್ರಶ್ನೆ.

ಆರ್‌ಕೆಓ ಬಡವರ ಸಾಲಿನದಲ್ಲ, ಐದು ದೊಡ್ಡ ಸ್ಟುಡಿಯೋಗಳಲ್ಲಿ ಒಂದು. ಆದರೆ ಯಾವಾಗಲೂ ಹಣದ ತಾಪತ್ರಯ. 1942ರಲ್ಲಿ ಅಲ್ಲಿ ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ಭಯಾನಕ ಚಿತ್ರಗಳ ಹೊಣೆ ಕೊಟ್ಟಾಗ ಹಾಕಿದ ಷರತ್ತುಗಳು ಮೂರು: ಖರ್ಚು ಒಂದೂವರೆ ಲಕ್ಷ ಡಾಲರ್ ಒಳಗಿರಬೇಕು, ಉದ್ದ 75 ನಿಮಿಷ ದಾಟಬಾರದು, ಹೆಸರನ್ನು ಮೇಲಿನವರು ಕೊಡುತ್ತಾರೆ. ಆ ಷರತ್ತಿನೊಳಗೆ ಲ್ಯೂಟನ್ 'ಕ್ಯಾಟ್ ಪೀಪಲ್' ಮಾಡಿದ. ರಾಕ್ಷಸಿಯನ್ನು ತೋರಿಸಲು ದುಡ್ಡಿಲ್ಲದಿದ್ದರೆ ಅವಳ ನೆರಳನ್ನು ತೋರಿಸು. ಮಿಕ್ಕದ್ದನ್ನು ನೋಡುಗ ತಾನೇ ತುಂಬಿಕೊಳ್ಳುತ್ತಾನೆ. ಆರ್ಸನ್ ವೆಲ್ಸ್‌ನ 'ದಿ ಮ್ಯಾಗ್ನಿಫಿಸೆಂಟ್ ಆಂಬರ್‌ಸನ್ಸ್'ಗಾಗಿ ಕಟ್ಟಿದ್ದ ಭಾರೀ ಮೆಟ್ಟಿಲನ್ನೇ ಅದರಲ್ಲಿ ಮತ್ತೆ ಬಳಸಿದರು. ಟ್ರೇಸಿ ಚಿತ್ರಗಳು ಬಂದದ್ದು ಈ ಅಡುಗೆಮನೆಯಿಂದ.

ನಾಲ್ಕು ಚಿತ್ರ, ನಾಲ್ಕು ಕೇಡಿಗರು

ಮೊದಲ ಚಿತ್ರದಲ್ಲಿ ಟ್ರೇಸಿ ಆದವನು ಮೋರ್ಗನ್ ಕಾನ್ವೇ. ಖಳ ಸ್ಪ್ಲಿಟ್‌ಫೇಸ್, ಮುಖಕ್ಕೆ ಅಡ್ಡಲಾಗಿ ಸೀಳುಗಾಯದ ಗುರುತಿನವನು. ತನ್ನನ್ನು ಜೈಲಿಗೆ ಕಳಿಸಿದ ಜ್ಯೂರಿ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಿದ್ದಾನೆ. ಮೊದಲ ಬಲಿ ರಾತ್ರಿ ಬಸ್ಸಿಳಿದು ಒಬ್ಬಳೇ ಮನೆಗೆ ನಡೆಯುವ ಶಿಕ್ಷಕಿ. ಖಾಲಿ ಬೀದಿ, ದೀಪದ ಕಂಬ, ಹೆಜ್ಜೆಯ ಸದ್ದು. ಸೆಟ್ಟಿಗೆ ಹಣವಿಲ್ಲದ್ದರಿಂದ ಬೀದಿಯ ಅರ್ಧಭಾಗ ಕತ್ತಲು. ಆ ಕತ್ತಲು ಗೌಲ್ಡ್‌ನ ಹಸಿ ಕಪ್ಪಿಗೆ ಎಷ್ಟು ಹತ್ತಿರವಿದೆ ಎಂದರೆ, ಗೆರೆಗೆರೆಯಾಗಿ ನಕಲು ಮಾಡಿದ್ದರೂ ಅಷ್ಟು ಹೊಂದುತ್ತಿರಲಿಲ್ಲ. ಜೇನ್ ಗ್ರೀರ್ ಎಂಬ ಯುವ ನಟಿ ಇಲ್ಲೊಂದು ಸಣ್ಣ ಪಾತ್ರದಲ್ಲಿದ್ದಾಳೆ. ಎರಡೇ ವರ್ಷದಲ್ಲಿ ಅವಳು 'ಔಟ್ ಆಫ್ ದಿ ಪಾಸ್ಟ್' ಚಿತ್ರದ ಮರೆಯಲಾಗದ ನಾಯಕಿಯಾದಳು. 'ಬಿ' ವಿಭಾಗ ಹೀಗೆ ತರಬೇತಿ ಶಾಲೆಯೂ ಆಗಿತ್ತು.

ಎರಡನೆಯದು 1946ರ 'ಡಿಕ್ ಟ್ರೇಸಿ ವರ್ಸಸ್ ಕ್ಯೂಬಾಲ್'. ನಿರ್ದೇಶಕ ಗಾರ್ಡನ್ ಡಗ್ಲಸ್, ಮುಂದೆ 1954ರಲ್ಲಿ ದೈತ್ಯ ಇರುವೆಗಳ 'ದೆಮ್!' ಮಾಡಿದವನು. ಛಾಯಾಗ್ರಾಹಕ ಜಾರ್ಜ್ ಡಿಸ್ಕಂಟ್, ಮುಂದೆ 'ದಿ ನ್ಯಾರೋ ಮಾರ್ಜಿನ್'ನಂಥ ಚಿತ್ರಗಳಿಗೆ ಬೆಳಕು ಹಾಕಿದವನು. ಖಳ ಕ್ಯೂಬಾಲ್ ಕಾಮಿಕ್ಸ್‌ನಿಂದ ಬಂದವನಲ್ಲ, ಚಿತ್ರಕ್ಕಾಗಿಯೇ ಹುಟ್ಟಿಸಿದವನು. ಬೋಳುತಲೆಯ ನಟ ಸಿಕ್ಕರೆ ಸಾಕು, ಬೇರೆ ಮೇಕಪ್ ಬೇಡ. ಕದ್ದ ವಜ್ರಗಳಿಗಾಗಿ, ಟೋಪಿಗೆ ಸುತ್ತಿದ ಚರ್ಮದ ಪಟ್ಟಿಯಿಂದ ಕತ್ತು ಬಿಗಿದು ಕೊಲ್ಲುತ್ತಾನೆ. ಅವನು ಅಡಗುವ ಹೆಂಡದಂಗಡಿಯ ಹೆಸರು 'ತೊಟ್ಟಿಕ್ಕುವ ಕಠಾರಿ', ಒಡತಿ ಫಿಲ್ತಿ ಫ್ಲೋರಾ. ಆಭರಣ ವ್ಯಾಪಾರಿ ಜೂಲ್ಸ್ ಸ್ಪಾರ್ಕಲ್, ಪುರಾತನ ವಸ್ತುಗಳ ವ್ಯಾಪಾರಿ ಪರ್ಸಿವಲ್ ಪ್ರೈಸ್‌ಲೆಸ್. ಹೆಸರೇ ಪಾತ್ರದ ಪರಿಚಯ. ಗೌಲ್ಡ್‌ನದೇ ಹಳೆಯ ತಂತ್ರ ಇದು. 62 ನಿಮಿಷದಲ್ಲಿ ಪಾತ್ರಕ್ಕೆ ಹಿನ್ನೆಲೆ ಕಟ್ಟಲು ಪುರುಸೊತ್ತಿಲ್ಲದವರಿಗೆ ಒದಗಿಬಂತು.

ನಾಲ್ಕನೆಯದು, 1947ರ 'ಡಿಕ್ ಟ್ರೇಸಿ ಮೀಟ್ಸ್ ಗ್ರೂಸಮ್', ಬೋರಿಸ್ ಕಾರ್ಲಾಫ್ ಇರುವ ಚಿತ್ರ. ಒಂದು ಬಗೆಯ ಅನಿಲ ಸೋಕಿದರೆ ಮನುಷ್ಯರು ಇದ್ದಲ್ಲೇ ಬೊಂಬೆಯಾಗಿ ನಿಂತುಬಿಡುತ್ತಾರೆ. ಖಳರು ಅದನ್ನು ಬ್ಯಾಂಕಿನಲ್ಲಿ ಬಿಟ್ಟು ಸದ್ದಿಲ್ಲದೆ ಹಣ ದೋಚುತ್ತಾರೆ. ಟೆಲಿಫೋನ್ ಬೂತಿನೊಳಗಿದ್ದ ಟೆಸ್ ಒಬ್ಬಳೇ ಅದರಿಂದ ಪಾರು, ಅಲ್ಲಿಂದಲೇ ಟ್ರೇಸಿಗೆ ಫೋನ್ ಮಾಡುತ್ತಾಳೆ. ನಡೆಯುತ್ತಿದ್ದವರು, ನೋಟು ಎಣಿಸುತ್ತಿದ್ದವರು ಅರ್ಧಕ್ಕೇ ಕಲ್ಲಾಗಿರುವ ಆ ಬ್ಯಾಂಕಿನ ದೃಶ್ಯಕ್ಕಿಂತ ಅಗ್ಗದ ವಿಸ್ಮಯವನ್ನು ನಾನು ಕಂಡಿಲ್ಲ. ವಿಜ್ಞಾನಿಗಳ ಹೆಸರುಗಳಲ್ಲೂ ಶ್ಲೇಷೆ: ಒಬ್ಬ ಡಾಕ್ಟರ್ ಎ. ಟಾಮಿಕ್. ಹಿರೋಷಿಮಾ ಆಗಿ ಎರಡೇ ವರ್ಷವಾಗಿದ್ದ ಹೊತ್ತಿಗೆ ಆ ನಗೆಯ ಅಡಿಯಲ್ಲೊಂದು ನಡುಕವೂ ಇರಬೇಕು.

ಕಾರ್ಲಾಫ್‌ನ ಬಗ್ಗೆ ಇನ್ನೊಂದು ಮಾತು. 'ಫ್ರಾಂಕೆನ್‌ಸ್ಟೈನ್'ನ ಭಾರದ ಮೇಕಪ್ಪಿನಲ್ಲಿ ಗಂಟೆಗಟ್ಟಲೆ ದುಡಿದ ಈ ನಟ, 1933ರಲ್ಲಿ ಹುಟ್ಟಿದ ನಟರ ಸಂಘದ ಸ್ಥಾಪಕ ಸದಸ್ಯರಲ್ಲಿ ಒಬ್ಬ. ಕೆಲಸದ ಗಂಟೆಗಳಿಗೆ ಮಿತಿ ಬೇಕೆಂದು ಕೇಳಿದವನು. ಅಗ್ಗದ ಚಿತ್ರವನ್ನು ಅಗ್ಗವಾಗಿಸುವುದು ಯಾರ ಬೆವರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೊಕ್ಕೆ ಕೈ

ಮೂರನೆಯ ಚಿತ್ರವನ್ನು ಬೇಕೆಂದೇ ಬಿಟ್ಟಿದ್ದೆ. 1947ರ 'ಡಿಕ್ ಟ್ರೇಸೀಸ್ ಡೈಲೆಮಾ'. ತುಪ್ಪಳದ ಉಡುಪುಗಳ ಗೋದಾಮಿನ ಕಳವು, ವಿಮೆಯ ಮೋಸ. ಖಳ 'ದಿ ಕ್ಲಾ': ಒಂದು ಕೈಯ ಜಾಗದಲ್ಲಿ ಕಬ್ಬಿಣದ ಕೊಕ್ಕೆ, ಕಾಲೆಳೆದುಕೊಂಡು ನಡೆಯುವವನು. ನಾಲ್ಕರಲ್ಲಿ ನೆರಳು-ಬೆಳಕಿನ ಕೆಲಸ ಅತಿ ಚೆನ್ನಾಗಿರುವುದು ಇದರಲ್ಲೇ. ಕುರುಡನಂತೆ ನಟಿಸುವ ಭಿಕ್ಷುಕ ಸೈಟ್‌ಲೆಸ್ ಪೊಲೀಸರಿಗೆ ಸುಳಿವು ಕೊಡುತ್ತಾನೆ, ಅದಕ್ಕಾಗಿ ಪ್ರಾಣ ತೆರುತ್ತಾನೆ. ಕೊನೆಗೆ ಕ್ಲಾನ ಕೊಕ್ಕೆ ವಿದ್ಯುತ್ತಿಗೆ ತಗುಲಿ ಅವನ ಆಯುಧವೇ ಅವನನ್ನು ಕೊಲ್ಲುತ್ತದೆ.

ಈಗ ಒಂದು ವರ್ಷ ಹಿಂದೆ ಹೋಗಿ. 1946ರಲ್ಲಿ ವಿಲಿಯಂ ವೈಲರ್ ನಿರ್ದೇಶಿಸಿದ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಬಂತು. ಯುದ್ಧ ಮುಗಿಸಿ ಮನೆಗೆ ಮರಳುವ ಮೂವರ ಕಥೆ. ಅದರಲ್ಲಿ ಎರಡೂ ಕೈ ಕಳೆದುಕೊಂಡು ಕೊಕ್ಕೆಗಳನ್ನು ತೊಟ್ಟ ನಾವಿಕ ಹೋಮರ್ ಪಾತ್ರವನ್ನು ಮಾಡಿದವನು ಹೆರಾಲ್ಡ್ ರಸೆಲ್. ಅವನು ವೃತ್ತಿನಟನಲ್ಲ. 1944ರಲ್ಲಿ ಸೇನಾ ತರಬೇತಿಯ ಸ್ಫೋಟದಲ್ಲಿ ನಿಜವಾಗಿಯೇ ಎರಡೂ ಕೈ ಕಳೆದುಕೊಂಡ ಸೈನಿಕ. ಆ ಒಂದೇ ಪಾತ್ರಕ್ಕೆ ಅವನಿಗೆ ಎರಡು ಆಸ್ಕರ್ ಬಂದವು. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್, ವಿತರಕರು ಆರ್‌ಕೆಓ.

ಅಂದರೆ ಒಂದೇ ಸಂಸ್ಥೆ ಒಂದು ವರ್ಷ ಕೊಕ್ಕೆ ಕೈಯ ಮನುಷ್ಯನನ್ನು ತೋರಿಸಿ ದೇಶವನ್ನು ಅಳಿಸಿತು, ಮರುವರ್ಷ ಕೊಕ್ಕೆ ಕೈಯನ್ನು ತೋರಿಸಿ ಹೆದರಿಸಿತು. ಒಂದಕ್ಕೆ ಹೆಚ್ಚುಕಡಿಮೆ ಮೂರು ಗಂಟೆ ಸಮಯವಿತ್ತು: ಹೋಮರ್ ಹೇಗೆ ಬೆಂಕಿಕಡ್ಡಿ ಗೀರುತ್ತಾನೆ, ರಾತ್ರಿ ಕೊಕ್ಕೆ ಬಿಚ್ಚಿದ ಮೇಲೆ ಎಷ್ಟು ಅಸಹಾಯಕ ಎಂದು ನಿಧಾನವಾಗಿ ನೋಡುವಷ್ಟು. ಇನ್ನೊಂದಕ್ಕೆ ಇದ್ದದ್ದು 60 ನಿಮಿಷ. ಆ ವರ್ಷಗಳಲ್ಲಿ ಅಮೆರಿಕದ ಪ್ರತಿ ಊರಿಗೂ ಗಾಯಗೊಂಡ ಹುಡುಗರು ಮರಳುತ್ತಿದ್ದರು. ಸೀಳಿದ ಮುಖ, ಕುಂಟು ಕಾಲು, ಕೊಕ್ಕೆ ಕೈ ಕಂಡರೆ ಕೇಡಿಗ ಎಂದು ತಿಳಿಯಬೇಕೆಂಬ ಗೌಲ್ಡ್‌ನ ಸಂಕೇತವನ್ನು ಆ ಹುಡುಗರಲ್ಲಿ ಯಾರಾದರೂ ಕತ್ತಲ ಥಿಯೇಟರಿನಲ್ಲಿ ಕೂತು ನೋಡಿರಲೇಬೇಕು.

'ಕಡಿಮೆ ಬಜೆಟ್ ಇದ್ದರೆ ಕಲ್ಪನೆ ಅರಳುತ್ತದೆ' ಎಂಬ ಮಾತನ್ನು ನಾವು ಸುಲಭವಾಗಿ ಹೇಳುತ್ತೇವೆ. ನೆರಳು, ಖಾಲಿ ಬೀದಿ, ನಿಂತ ಬೊಂಬೆಗಳು ಆ ಮಾತನ್ನು ಸಮರ್ಥಿಸುತ್ತವೆ. ಆದರೆ ಬಡತನ ಅಡ್ಡದಾರಿಯನ್ನೂ ಹುಡುಕಿಸುತ್ತದೆ. ಸಮಯವಿಲ್ಲದವನು ಸಿದ್ಧ ಅಚ್ಚನ್ನು ಕೈಗೆತ್ತಿಕೊಳ್ಳುತ್ತಾನೆ, ಆ ಅಚ್ಚಿನ ಅಡಿಯಲ್ಲಿ ಸಿಕ್ಕವರು ಯಾರು ಎಂದು ನೋಡುವುದಿಲ್ಲ. ಈ ಎರಡೂ ಒಂದೇ ಚಿತ್ರದೊಳಗಿವೆ. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡುವುದು ಇತಿಹಾಸವಾಗದು.

ಮುಖ ಬದಲಾಯಿತು

ಮೊದಲೆರಡು ಚಿತ್ರಗಳ ಕಾನ್ವೇ ಮಧ್ಯವಯಸ್ಸಿನ, ಸ್ವಲ್ಪ ದಣಿದ, ತಾಳ್ಮೆಯ ಪೊಲೀಸ್. ಗೌಲ್ಡ್ ಬರೆದ ಚೂಪು ಮೂಗು ಅವನದಲ್ಲ. ಆದರೆ ಊಟಕ್ಕೆ ಕೂತ ಹೊತ್ತಿಗೇ ಫೋನ್ ಬಂದು ಎದ್ದು ಹೋಗುವವನ ಬೇಸರ ಅವನ ಮುಖದಲ್ಲಿ ನಿಜವೆನಿಸುತ್ತದೆ. ಥಿಯೇಟರ್‌ನವರಿಗೆ ಮಾತ್ರ ಬೇಕಾದದ್ದು ಸೀರಿಯಲ್‌ಗಳಿಂದ ಪರಿಚಿತವಾದ ರಾಲ್ಫ್ ಬರ್ಡ್. ಮೂರನೆಯ ಚಿತ್ರಕ್ಕೆ ಸ್ಟುಡಿಯೋ ಬರ್ಡ್‌ನನ್ನು ಕರೆತಂದಿತು.

ಬರ್ಡ್‌ಗಾದರೂ ಅದು ವರವಾಯಿತೇ? ಬೇರೆ ಪಾತ್ರಗಳನ್ನು ಮಾಡಿದರೂ ಜನ ನೋಡಿದ್ದು ಟ್ರೇಸಿಯನ್ನೇ. 1950ರಲ್ಲಿ ಟೆಲಿವಿಷನ್‌ಗೂ ಟ್ರೇಸಿ ಬಂದಾಗ ಮತ್ತೆ ಅವನೇ ಟೋಪಿ ಹಾಕಿಕೊಂಡ. 1952ರ ಆಗಸ್ಟ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 43.

ಆ ಹೊತ್ತಿಗೆ ಈ ಬಗೆಯ ಚಿತ್ರಗಳ ಕೆಳಗಿನ ನೆಲವೇ ಸರಿದಿತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಯಾರಾಮೌಂಟ್ ಪ್ರಕರಣದಲ್ಲಿ ದೊಡ್ಡ ಸ್ಟುಡಿಯೋಗಳ ವಿರುದ್ಧ ತೀರ್ಪು ಕೊಟ್ಟಿತು. ಚಿತ್ರಗಳನ್ನು ಗಂಟುಕಟ್ಟಿ ಮಾರುವ ಪದ್ಧತಿ ನಿಂತಿತು, ಥಿಯೇಟರ್‌ಗಳನ್ನು ಬಿಟ್ಟುಕೊಡಬೇಕಾಯಿತು. ಖಚಿತ ಗಿರಾಕಿ ಇಲ್ಲದ ಮೇಲೆ ನಿಗದಿತ ದರದ ಚಿತ್ರ ಮಾಡುವುದು ಯಾರಿಗೆ? ಮಿಕ್ಕ ಕೆಲಸವನ್ನು ಟಿವಿ ಮುಗಿಸಿತು. ಆರ್‌ಕೆಓ ಅದೇ 1948ರಲ್ಲಿ ಹೊವರ್ಡ್ ಹ್ಯೂಸ್‌ನ ಕೈಸೇರಿ, 1957ರ ಹೊತ್ತಿಗೆ ಚಿತ್ರ ತಯಾರಿಯನ್ನೇ ನಿಲ್ಲಿಸಿತು. ಅಮೆರಿಕದ ಕೊನೆಯ ಥಿಯೇಟರ್ ಸೀರಿಯಲ್ ಬಂದದ್ದು 1956ರಲ್ಲಿ. ವಿಚಿತ್ರವೆಂದರೆ ಕೊಂದ ಟಿವಿಯೇ ಈ ಚಿತ್ರಗಳನ್ನು ಉಳಿಸಿತು. ಹಗಲೂ ರಾತ್ರಿ ತುಂಬಿಸಬೇಕಾದ ವೇಳೆಯಿದ್ದ ಚಾನೆಲ್‌ಗಳು ಹಳೆಯ ಫಿಲ್ಮುಗಳನ್ನು ರಾಶಿಯಾಗಿ ಕೊಂಡವು.

1990ರಲ್ಲಿ ವಾರೆನ್ ಬೀಟಿ ಟ್ರೇಸಿಯನ್ನು ಮತ್ತೆ ತಂದ. ಈ ಬಾರಿ ಸುಮಾರು 4.6 ಕೋಟಿ ಡಾಲರ್ ಬಜೆಟ್, ಅಲ್ ಪಚಿನೊ, ಮಡೋನ್ನಾ. ಕಾಮಿಕ್ಸ್ ಪುಟದ ಬಣ್ಣಗಳನ್ನಷ್ಟೇ ಬಳಸಬೇಕೆಂದು ಇಡೀ ನಗರವನ್ನು ಕೆಂಪು, ಹಳದಿ, ಹಸಿರಿನಲ್ಲಿ ಕಟ್ಟಿದರು. ಗೌಲ್ಡ್‌ನ ವಿಕಾರ ಮುಖಗಳನ್ನೆಲ್ಲ ರಬ್ಬರಿನಲ್ಲಿ ಎರಕ ಹೊಯ್ದರು. ಮೂರು ಆಸ್ಕರ್ ಬಂದವು, ಅದರಲ್ಲಿ ಮೇಕಪ್ಪಿನದೂ ಒಂದು. ಕಣ್ಣಿಗೆ ಹಬ್ಬವೇ. ಆದರೆ ಅದು ಕಾಮಿಕ್ಸ್‌ನ ಮೇಲ್ಮೈಯನ್ನು ತೆರೆಗೆ ತಂದಿತು. ಆರ್‌ಕೆಓದವರು ಮೇಲ್ಮೈ ಕೊಳ್ಳಲಾರದೆ ಅದರ ಕಪ್ಪನ್ನು ತಂದಿದ್ದರು. ನನಗೆ ಎರಡನೆಯದು ಹೆಚ್ಚು ಹತ್ತಿರ.

ನಮ್ಮಲ್ಲಿ ಕಾಮಿಕ್ಸ್‌ನಿಂದ ಪತ್ತೇದಾರಿ ಚಿತ್ರ ಮಾಡುವ ರೂಢಿ ಬೆಳೆಯಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಗ್ಗದ ಕಾಗದದ ಕಾದಂಬರಿಗಳಲ್ಲಿ ಓಡಾಡಿದ. 1968ರಲ್ಲಿ ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು. ಕಪ್ಪು-ಬಿಳುಪಿನ ಆ ಚಿತ್ರದ ಹಿಂದೆ ಬಾಂಡ್ ಚಿತ್ರಗಳ ಪ್ರೇರಣೆಯಿತ್ತೇ ಹೊರತು ಅವುಗಳ ದುಡ್ಡಿರಲಿಲ್ಲ. ಅದನ್ನು ನೋಡಿ ಬೆಳೆದವರಿಗೆ ಆರ್‌ಕೆಓದ ಚಿತ್ರಗಳ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆ. ಯಾಕೆ ನೀಟಾಗಿ ಮಾಡಬೇಕು? ಈ ಚಿತ್ರಗಳು ಕೊಡುವ ಉತ್ತರ ಉದಾತ್ತವಾದದ್ದೇನಲ್ಲ. ಮೇಲಿನವರಿಗೆ ಬೇಕಾದದ್ದು 60 ನಿಮಿಷ ಮತ್ತು ಬಜೆಟ್ಟಿನ ಗಡಿ. ಅವೆರಡನ್ನು ಕೊಟ್ಟರೆ ನಡುವೆ ಏನಿದೆಯೆಂದು ಯಾರೂ ಇಣುಕುತ್ತಿರಲಿಲ್ಲ. ಆ ಅಲಕ್ಷ್ಯದ ಒಳಗೆ ಸ್ವಲ್ಪ ಜಾಗವಿತ್ತು. ಕೆಲವರು ಅದನ್ನು ಸೋಮಾರಿತನಕ್ಕೆ ಬಳಸಿದರು, ಕೆಲವರು ದೀಪವನ್ನು ಎರಡಡಿ ಪಕ್ಕಕ್ಕೆ ಸರಿಸಿ ನೋಡಲು ಬಳಸಿದರು. ಸರಿಸಿದವರಿಗೆ ಹೆಚ್ಚುವರಿ ಸಂಬಳ ಬರಲಿಲ್ಲ. ಆದರೆ ದೀಪ ಎಲ್ಲಿಡಬೇಕೆಂದು ಕಲಿತರು. ಡಿಸ್ಕಂಟ್, ಡಗ್ಲಸ್, ಗ್ರೀರ್‌ರ ಮುಂದಿನ ಕೆಲಸ ಆ ಕಲಿಕೆಗೆ ಸಾಕ್ಷಿ.

ನೋಡುವುದಾದರೆ 'ಕ್ಯೂಬಾಲ್'ನಿಂದ ಶುರುಮಾಡಿ. ಕೊನೆಯಲ್ಲಿ ರೈಲ್ವೆ ಯಾರ್ಡಿನಲ್ಲೊಂದು ಬೆನ್ನಟ್ಟುವಿಕೆ ಇದೆ. ಓಡುತ್ತಿರುವ ಖಳನ ಕಾಲು ಹಳಿಗಳ ನಡುವೆ ಸಿಕ್ಕಿಕೊಳ್ಳುತ್ತದೆ, ರೈಲು ಬರುತ್ತಿದೆ. ಎರಡು ಹಳಿ, ಒಂದು ಬೂಟು, ಒಂದು ಬೆಳಕು. ಖರ್ಚಾದದ್ದು ಅಷ್ಟೇ.